ಕೊಟ್ಟಿಗೆಯ ಋಣ, ಬಣವೆಯ ಲೆಕ್ಕ



ಮನೆಗೆ ನೆಂಟರು ಬಂದಾಗ ಮಳೆ ಹೇಗಾಯಿತು, ರಾಗಿ ಎಷ್ಟಾಯಿತು, ಕೊಬ್ಬರಿಯ ಧಾರಣೆ ಏನಿದೆ ಎಂದು ವಿಚಾರಿಸುವುದು ನಮ್ಮ ಕಡೆಯ ವಾಡಿಕೆ. ಹುಲ್ಲು ಎಷ್ಟಾಯಿತು ಎಂದು ಕೇಳುವವರು ಈಗ ವಿರಳ. ನಮ್ಮ ಹಿರಿಯರು ಹಾಗಿರಲಿಲ್ಲ. ಹೆಣ್ಣು ಕೊಡಲು ಬಂದ ಬೀಗರು ಪಡಸಾಲೆಯಲ್ಲಿ ಕುಳಿತು ಮಾತನಾಡುವುದಕ್ಕೆ ಮೊದಲು ಹಿತ್ತಲಿಗೆ ಹೋಗಿ ಬರುತ್ತಿದ್ದರು. ಅಲ್ಲಿ ಬಣವೆ ಎಷ್ಟು ಎತ್ತರವಿದೆ, ತಿಪ್ಪೆ ಎಷ್ಟು ದೊಡ್ಡದಿದೆ ಎಂಬುದನ್ನು ನೋಡಿದರೆ ಆ ಮನೆಯ ಬದುಕು ತಿಳಿಯುತ್ತಿತ್ತು. ಬಣವೆಯಿದ್ದಲ್ಲಿ ದನವಿದೆ, ದನವಿದ್ದಲ್ಲಿ ಗೊಬ್ಬರವಿದೆ, ಗೊಬ್ಬರವಿದ್ದಲ್ಲಿ ಬೆಳೆಯಿದೆ, ಬೆಳೆಯಿದ್ದಲ್ಲಿ ಮಗಳು ಉಪವಾಸವಿರಲಾರಳು ಎಂಬುದು ಅವರ ತರ್ಕ. ಆ ತರ್ಕದಲ್ಲಿ ದೋಷವಿರಲಿಲ್ಲ.

ಈ ಮಾತನ್ನು ನೆನೆಯಲು ಕಾರಣವಿದೆ. ಸಂಕ್ರಾಂತಿ ಕಳೆದ ಮೇಲೆ ಕಡೂರು ಸೀಮೆಯ ಒಂದು ಮನೆಗೆ ಹೋಗಿದ್ದೆನು. ಮೂರು ಎಕರೆಯ ಹಿಡುವಳಿ, ಅದರಲ್ಲಿ ಒಂದಿಷ್ಟು ತೆಂಗು, ಉಳಿದುದರಲ್ಲಿ ಮಳೆಯಾಶ್ರಯದ ರಾಗಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಮಗನು ತಂದೆಯ ನಿಧನಾನಂತರ ಊರಿಗೆ ಮರಳಿ, ಬ್ಯಾಂಕಿನ ಸಾಲ ಪಡೆದು ಮೂರು ಮಿಶ್ರತಳಿಯ ಹಸುಗಳನ್ನು ಕೊಂಡಿದ್ದನು. ತಂದೆಯ ಕಾಲದ ಗೌರಿ ಎಂಬ ಹಸು ಒಂದು, ಎರಡು ಪಡ್ಡೆ ಕರುಗಳು. ಹೀಗೆ ಕೊಟ್ಟಿಗೆಯಲ್ಲಿ ಆರು ಜೀವಗಳು. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹೋಗುತ್ತಿತ್ತು. ಎಲ್ಲವೂ ನೇರ್ಪಾಗಿರುವಂತೆ ತೋರಿತು. ಊಟವಾದ ಮೇಲೆ ಆ ಮನೆಯ ತಾಯಿ ಹೇಳಿದ ಮಾತು ಬೇರೆಯೇ ಆಗಿತ್ತು: "ಗುರುಗಳೆ, ಹೋದ ವರ್ಷ ಹುಲ್ಲಿಗೇ ಹಾಲಿನ ದುಡ್ಡೆಲ್ಲ ಹೋಯ್ತು. ಈ ವರ್ಷವೂ ಹಂಗೇ ಆದ್ರೆ ಗೌರೀನ ಕೊಟ್ಬಿಡಬೇಕು ಅಂತಾನೆ ಮಗ. ಅವರಪ್ಪ ಕಟ್ಟಿದ ಹಸು ಅದು."

ಆ ತಾಯಿಯ ಕಣ್ಣಿನಲ್ಲಿ ನೀರಿತ್ತು. ಮಗನ ಮುಖದಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. ಇಬ್ಬರದೂ ತಪ್ಪಲ್ಲ. ಹಸು ಕೊಳ್ಳುವಾಗ ಹಾಲಿನ ಲೆಕ್ಕ ಹಾಕಿದ್ದರು, ಸಾಲದ ಕಂತಿನ ಲೆಕ್ಕ ಹಾಕಿದ್ದರು. ಬಣವೆಯ ಲೆಕ್ಕ ಹಾಕಿರಲಿಲ್ಲ. ಇಂತಹ ಮನೆಗಳು ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಅನೇಕವಿವೆ. ಆದುದರಿಂದ ಈ ತಿಂಗಳು ಈ ಅಂಕಣದಲ್ಲಿ ಹುಲ್ಲಿನ ವಿಚಾರವನ್ನೇ ಬರೆಯುತ್ತಿದ್ದೇನೆ. ದನವನ್ನು ಕಟ್ಟಿಕೊಳ್ಳುವುದು ಕಾಯಕ. ಕಟ್ಟಿದ ದನಕ್ಕೆ ವರ್ಷವಿಡೀ ಮೇವು ಒದಗಿಸುವುದು ಆ ಕಾಯಕದ ಅರ್ಧಕ್ಕಿಂತ ಹೆಚ್ಚಿನ ಭಾಗ.

ಮೊದಲು ಈ ನೆಲದ ಸ್ವಭಾವವನ್ನು ತಿಳಿಯಬೇಕು. ಒಂದೇ ಜಿಲ್ಲೆಯಾದರೂ ಈ ಮೂರು ತಾಲ್ಲೂಕುಗಳ ಮಳೆ ಒಂದಲ್ಲ. ತರೀಕೆರೆಯ ಪಶ್ಚಿಮದ ಅಂಚು ಮಲೆನಾಡಿಗೆ ತಾಗಿದೆ. ಲಕ್ಕವಳ್ಳಿಯ ಭದ್ರಾ ಜಲಾಶಯವೂ ಆ ತಾಲ್ಲೂಕಿನದೇ. ಅಲ್ಲಿ ಭತ್ತ, ಅಡಕೆಗಳು ಉಂಟು. ಅತ್ತ ಚಂದ್ರದ್ರೋಣ ಪರ್ವತದ ಮಳೆನೆರಳಿನಲ್ಲಿ ಬೀಳುವ ಕಡೂರು ಬಯಲುಸೀಮೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ಅದೇ ಸಮೃದ್ಧಿ. ಅಜ್ಜಂಪುರವು ತರೀಕೆರೆಯಿಂದ ಬೇರ್ಪಟ್ಟು ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕಾಯಿತು. ಅದರ ನೆಲವೂ ಬಹುಪಾಲು ಒಣಭೂಮಿಯೇ. ಹೀಗೆ ದನ ಹೆಚ್ಚಾಗಿರುವ ಕಡೆ ಹುಲ್ಲು ಮಳೆಯನ್ನು ನಂಬಿದೆ, ಹುಲ್ಲು ನೀರಾವರಿಯಲ್ಲಿ ಬೆಳೆಯುವ ಕಡೆ ಅದನ್ನು ತಿನ್ನುವ ದನ ಕಡಿಮೆಯಾಗಿದೆ. ಎರಡರ ನಡುವಿನ ದಾರಿ ಮೂವತ್ತು ನಲವತ್ತು ಮೈಲಿಗಿಂತ ಹೆಚ್ಚಿಲ್ಲ. ಮಧ್ಯವರ್ತಿಗಳ ಲಾಭವೆಲ್ಲ ಆ ದಾರಿಯಲ್ಲಿದೆ.

ಈ ಸೀಮೆಗೆ ಹುಲ್ಲಿನ ವಿದ್ಯೆ ಹೊಸದಲ್ಲ. ಅಜ್ಜಂಪುರದ ಹೆಸರು ಹೇಳಿದೊಡನೆ ಅಮೃತಮಹಲ್ ತಳಿ ನೆನಪಾಗುತ್ತದೆ. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನು ಏರ್ಪಡಿಸಿ ಅರಮನೆಯ ದನಗಳಿಗೆ ಕಾವಲುಗಳನ್ನು ಮೀಸಲಿಟ್ಟರು. ಹೈದರಾಲಿಯು ಆ ಎತ್ತುಗಳನ್ನು ಸೈನ್ಯದ ಸಾಗಾಣಿಕೆಗೆ ಹೂಡಿದನು. ಟಿಪ್ಪು ಸುಲ್ತಾನನು ಇಲಾಖೆಗೆ 'ಅಮೃತಮಹಲ್' ಎಂಬ ಹೆಸರನ್ನಿಟ್ಟನು. 1799ರ ಅನಂತರ ಅದು ಕೈಯಿಂದ ಕೈಗೆ ಹೋಯಿತು. 1860ರಲ್ಲಿ ಖರ್ಚು ಉಳಿಸುವ ನೆಪದಿಂದ ಹಿಂಡುಗಳನ್ನು ಮಾರಿಬಿಟ್ಟರು. ಬಲವಾದ ಎತ್ತುಗಳು ಬೇಕೆನಿಸಿದಾಗ ಮಾರಿದ್ದು ತಪ್ಪೆಂದು ತಿಳಿದು 1866ರಲ್ಲಿ ಪುನಃ ಸ್ಥಾಪಿಸಿದರು. ಆರು ವರ್ಷಗಳಲ್ಲಿ ಅರಿತ ಈ ಪಾಠವನ್ನು ನಮ್ಮ ಚಿಕ್ಕ ಕೊಟ್ಟಿಗೆಗಳೂ ಅರಿಯಬೇಕಾಗಿದೆ: ದನವನ್ನು ಮಾರುವುದು ಒಂದು ದಿನದ ಕೆಲಸ, ಅಂತಹ ದನವನ್ನು ಮತ್ತೆ ಕಟ್ಟುವುದು ಒಂದು ತಲೆಮಾರಿನ ಕೆಲಸ.

ಆ ಹಿಂಡುಗಳು ಬದುಕಿದ್ದು ಹೇಗೆ ಎಂಬುದು ನಮಗೆ ಮುಖ್ಯ. ಕಾವಲುಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು: ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು. ಬೇಸಿಗೆಯ ಕಾವಲೆಂದರೆ ಕೆರೆಯಂಗಳವೋ ಹಳ್ಳದ ಬದಿಯೋ ಇದ್ದು, ಮರದ ನೆರಳೂ ಒಂದಿಷ್ಟು ಹಸಿರೂ ಉಳಿಯುವ ತಾಣ. ಮಳೆಗಾಲದಲ್ಲಿ ಎಲ್ಲೆಡೆ ಹುಲ್ಲಿದ್ದರೂ ಅಲ್ಲಿಗೆ ಹಿಂಡನ್ನು ಬಿಡುತ್ತಿರಲಿಲ್ಲ. ಸಮೃದ್ಧಿಯ ದಿನದಲ್ಲಿ ಮುಟ್ಟದೆ ಕಾಯ್ದಿರಿಸಿದ್ದು ಅಭಾವದ ದಿನಕ್ಕೆ ಒದಗುತ್ತಿತ್ತು. ಮೇವಿನ ಭದ್ರತೆಯ ಸೂತ್ರವೆಲ್ಲ ಇದರಲ್ಲಿದೆ. ಅಜ್ಜಂಪುರದಲ್ಲಿ ಸರ್ಕಾರದ ತಳಿಸಂವರ್ಧನ ಕೇಂದ್ರವು ಆ ಹಿಂಡನ್ನು ಇಂದಿಗೂ ಉಳಿಸಿಕೊಂಡು ಬಂದಿದೆ. ಆದರೆ ಕಾವಲುಗಳ ವಿಸ್ತಾರ ಹಿಂದಿನಂತಿಲ್ಲ. ಬಹುಪಾಲು ಉಳುಮೆಗೂ ಇತರ ಉದ್ದೇಶಗಳಿಗೂ ಹೋಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು; ಆ ಮೂಕಪ್ರಾಣಿಗಳಿಗೂ ಮೇವು ಬೇಕಲ್ಲವೆ? ಊರ ಗೋಮಾಳವನ್ನೋ ಕಾವಲನ್ನೋ ನೆಚ್ಚಿ ಕೊಟ್ಟಿಗೆ ಕಟ್ಟುವ ಕಾಲ ಇದಲ್ಲ. ಬೇಸಿಗೆಯ ಕಾವಲು ಈಗ ಪ್ರತಿಯೊಬ್ಬನ ಹಿತ್ತಲಿನಲ್ಲಿಯೇ ಇರಬೇಕು. ಅದರ ಹೆಸರು ಬಣವೆ.

ಇನ್ನೊಂದು ಬದಲಾವಣೆಯನ್ನೂ ಹೇಳಬೇಕು. ಹಿಂದೆ ಹುಲ್ಲು ಬೆಳೆಯ ಜೊತೆಗೆ ತಾನಾಗಿ ಬರುತ್ತಿತ್ತು. ಈಗ ರಾಗಿಯ ಹೊಲಗಳಲ್ಲಿ ಅಡಕೆ ಸಸಿಗಳು ನಿಂತಿವೆ. ಕುಡುಗೋಲಿನಿಂದ ಬುಡದವರೆಗೆ ಕೊಯ್ಯುತ್ತಿದ್ದ ಬೆಳೆಯನ್ನು ಯಂತ್ರ ಮೇಲಿನಿಂದ ಕೊಯ್ದು, ಉಳಿದುದನ್ನು ನುಚ್ಚುಮಾಡಿ ಹೊಲದಲ್ಲಿ ಚೆಲ್ಲುತ್ತದೆ. ಅದನ್ನು ಸುರುಳಿ ಕಟ್ಟುವ ಮತ್ತೊಂದು ಯಂತ್ರ ಬರುವ ಮೊದಲು ಮಳೆ ಬಂದರೆ ಆ ಹುಲ್ಲು ಮುಗಿದಂತೆ. ಕೆಲವರು ರಸ್ತೆಯ ಮೇಲೆ ರಾಗಿ ಹರಡಿ ವಾಹನಗಳ ಗಾಲಿಯಿಂದ ಒಕ್ಕಣೆ ಮಾಡಿಸುತ್ತಾರೆ. ಆ ಹುಲ್ಲಿನಲ್ಲಿ ಎಣ್ಣೆ, ಮರಳು, ತಂತಿಯ ಚೂರು ಸೇರುತ್ತವೆ. ವಾಹನದ ತಳಕ್ಕೆ ಸುತ್ತಿಕೊಂಡು ಬೆಂಕಿ ಹತ್ತಿರುವುದೂ ಉಂಟು. ಕಣ ಮಾಡುವ ಶ್ರಮ ಉಳಿಯಿತೆಂದು ಹಸುವಿನ ಹೊಟ್ಟೆಗೆ ತಂತಿಯನ್ನು ಉಣಿಸಬಾರದು.

ಈಗ ನನ್ನದೇ ಒಂದು ತಪ್ಪನ್ನು ನಿವೇದಿಸಿಕೊಳ್ಳುತ್ತೇನೆ. 1970ರ ದಶಕದಲ್ಲಿ ನಾನು ಒಂದು ಮಠದಲ್ಲಿ ಸಂಸ್ಕೃತ ಓದುತ್ತಿದ್ದ ಕಾಲ. ವಿದ್ಯಾರ್ಥಿಗಳಿಗೆ ಒಂದೊಂದು ಸೇವೆ ಹಂಚಿದ್ದರು. ನನ್ನ ಪಾಲಿಗೆ ಕೊಟ್ಟಿಗೆಯ ಲೆಕ್ಕ ಬಂದಿತ್ತು. ಒಂದು ಸಂಜೆ ವ್ಯಾಪಾರಿಯೊಬ್ಬನ ಹುಲ್ಲಿನ ಗಾಡಿಗಳು ಸಾಲಾಗಿ ಬಂದವು. ಪೂಜೆಯ ಗಂಟೆ ಬಾರಿಸಿತ್ತು, ಗಾಡಿಯವರಿಗೆ ಊರು ಸೇರುವ ಆತುರ. ಕೊಟ್ಟಿಗೆ ನೋಡಿಕೊಳ್ಳುತ್ತಿದ್ದ ಅಜ್ಜ, "ಅಯ್ಯನೋರೆ, ಕೈ ಹಾಕಿ ನೋಡಾನ, ನಾಳೆ ಇಳಿಸ್ಕಂಡ್ರಾಯ್ತು" ಎಂದನು. ನಾನು ಮೇಲಿನ ಹೊರೆಗಳನ್ನು ಕಂಡು, ಹೊಂಬಣ್ಣದ ಹುಲ್ಲೆಂದು ಮೆಚ್ಚಿ, ಚೀಟಿಗೆ ಸಹಿ ಮಾಡಿ ಪೂಜೆಗೆ ಓಡಿದೆನು. ಎರಡು ತಿಂಗಳ ಮೇಲೆ ಬಣವೆಯನ್ನು ಬಿಚ್ಚಿದಾಗ ಒಳಗೆ ಕಪ್ಪು ಹುಲ್ಲು, ಮೂಗು ಮುಚ್ಚುವ ಮುಗ್ಗು ವಾಸನೆ. ಬೇರೆ ಮೇವಿಲ್ಲದ ಕಾರಣ ಕೊಡವಿ ಕೊಡವಿ ಅದನ್ನೇ ಹಾಕಿದೆವು. ಗಬ್ಬದ ಹಸುವೊಂದು ಕಂದು ಹಾಕಿತು. ಬೂಷ್ಟು ಹಿಡಿದ ಮೇವಿನಿಂದ ಹೀಗಾಗಬಹುದೆಂದು ಪಶುವೈದ್ಯರು ಹೇಳಿದರು. ಹಿರಿಯ ಶ್ರೀಗಳು ನನ್ನನ್ನು ಗದರಿಸಲಿಲ್ಲ. ಮರುದಿನದಿಂದ ಆ ಹಸುವಿನ ಆರೈಕೆಯನ್ನು ನನಗೆ ವಹಿಸಿದರು, ಅಷ್ಟೆ. ಅದರ ಮುಂದೆ ಪ್ರತಿದಿನ ನಿಲ್ಲುವಾಗ ನನಗಾದ ನಾಚಿಕೆ ಯಾವ ಗದರಿಕೆಯಿಂದಲೂ ಆಗುತ್ತಿರಲಿಲ್ಲ. ಹುಲ್ಲನ್ನು ಕಣ್ಣಿನಿಂದ ಕೊಳ್ಳಬಾರದು, ಕೈಯಿಂದ ಮತ್ತು ಮೂಗಿನಿಂದ ಕೊಳ್ಳಬೇಕು ಎಂಬುದನ್ನು ಅಂದು ಕಲಿತೆನು.

ಆ ಮನೆಯ ವಿಚಾರಕ್ಕೆ ಮರಳೋಣ. ಸೊಸೆ ಲೆಕ್ಕದ ಪುಸ್ತಕ ತಂದಳು. ಮೂವರೂ ಕುಳಿತೆವು. ದೊಡ್ಡ ಹಸುವೊಂದಕ್ಕೆ ಹಸಿಮೇವು, ಹಿಂಡಿಗಳಲ್ಲದೆ ದಿನಕ್ಕೆ ಸುಮಾರು 6 ಕಿಲೋ ಒಣಹುಲ್ಲು ಬೇಕು. ನಾಲ್ಕು ಹಸುಗಳಿಗೆ 24 ಕಿಲೋ. ಪಡ್ಡೆಗಳಿಗೆ ತಲಾ 3 ಕಿಲೋದಂತೆ 6. ಒಟ್ಟು ದಿನಕ್ಕೆ 30 ಕಿಲೋ. ಬಣವೆಯಲ್ಲಿ ಟ್ರ್ಯಾಕ್ಟರಿನ ಮೂರು ಲೋಡು ರಾಗಿ ಹುಲ್ಲಿತ್ತು. ತೂಗಿಸಿದ್ದೀರಾ ಎಂದೆನು, ಇಲ್ಲವೆಂದರು. ನೆರೆಯವರು ಮಾರನೆಯ ದಿನ ಅಂತಹುದೇ ಲೋಡನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿಸಿದಾಗ 1,600 ಕಿಲೋ ಬಂದಿತು. ಅಂದರೆ ಮೂರು ಲೋಡಿಗೆ 4,800 ಕಿಲೋ. ತುಳಿದು, ನೆನೆದು, ಗೆದ್ದಲು ತಿಂದು ನೂರಕ್ಕೆ ಹದಿನೈದು ಪಾಲು ಹಾಳಾಗುವುದೆಂದು ಹಿಡಿದರೆ ಹಸುವಿನ ಬಾಯಿಗೆ ಬರುವುದು 4,080 ಕಿಲೋ. ದಿನಕ್ಕೆ 30ರಂತೆ 136 ದಿನ. ಜನವರಿಯ ನಡುವಿನಿಂದ ಎಣಿಸಿದರೆ ಮೇ 31ಕ್ಕೆ ಬಣವೆಯ ಬುಡದ ಕಲ್ಲು ಕಾಣುತ್ತದೆ.

"ಜೂನ್‌ಗೆ ಮಳೆ ಬರುತ್ತಲ್ಲ ಗುರುಗಳೆ" ಎಂದನು ಮಗ. ಎಲ್ಲರೂ ಎಡವುವುದು ಇಲ್ಲಿಯೇ. ನಮ್ಮ ಸೀಮೆಯಲ್ಲಿ ದನದ ಹಸಿವಿನ ತಿಂಗಳು ಮೇ ಅಲ್ಲ. ಜೂನ್ ಮತ್ತು ಜುಲೈ. ಮಳೆ ಹನಿಯುತ್ತದೆ, ಆದರೆ ಹುಲ್ಲು ಕೊಯ್ಯುವಷ್ಟು ಎತ್ತರಕ್ಕೆ ಬೆಳೆಯಲು ವಾರಗಳು ಬೇಕು. ಬದುಗಳಲ್ಲಿ ಕಾಣುವ ಚಿಗುರು ಕಣ್ಣಿಗೆ ಹಸಿರು, ಹೊಟ್ಟೆಗೆ ನೀರು. ಹೊಲಗಳೆಲ್ಲ ಬಿತ್ತನೆಯಾಗಿ ದನ ಬಿಡಲು ಜಾಗವಿಲ್ಲ. ಹಳೆಯ ಹುಲ್ಲು ಮುಗಿದಿದೆ. ಮಾರಾಟಕ್ಕೆ ಬರುವ ಹುಲ್ಲು ನೆನೆದಿದೆ, ಬೆಲೆಯೂ ತುದಿಗೇರಿದೆ. ಆಗ ಹಸುವನ್ನು ಸಂತೆಗೆ ಹೊಡೆದುಕೊಂಡು ಹೋದರೆ, ಮೂಳೆ ಕಾಣುವ ಹಸುವಿಗೆ ಯಾರು ಬೆಲೆ ಕೊಟ್ಟಾರು?

ಆದುದರಿಂದ ಲೆಕ್ಕವನ್ನು ಹೀಗೆ ಹಾಕಬೇಕು. ಜನವರಿ ನಡುವಿನಿಂದ ಜುಲೈ ಕೊನೆಯವರೆಗೆ 197 ದಿನ ಪೂರ್ತಿ ಹುಲ್ಲು: 5,910 ಕಿಲೋ. ಆಗಸ್ಟ್‌ನಿಂದ ಮುಂದಿನ ಸಂಕ್ರಾಂತಿಯವರೆಗೆ 168 ದಿನ, ಹಸಿಮೇವು ಇರುವುದರಿಂದ ಅರ್ಧ ಹುಲ್ಲು: 2,520 ಕಿಲೋ. ಎರಡೂ ಸೇರಿ 8,430. ಹಾಳಾಗುವ ಪಾಲನ್ನು ಸೇರಿಸಿದರೆ ಸುಮಾರು 10 ಟನ್. ಇದರ ಮೇಲೆ ಮಳೆ ತಪ್ಪಿದರೆಂದು ಎರಡು ತಿಂಗಳ ಮೀಸಲು 2 ಟನ್. ಒಟ್ಟು 12 ಟನ್, ಎಂದರೆ ಏಳೂವರೆ ಲೋಡು. ಇದ್ದದ್ದು ಮೂರು. ಮೀಸಲು ಹೆಚ್ಚಾಯಿತೆಂದು ಯಾರಿಗಾದರೂ ಅನಿಸಿದರೆ 2023ನ್ನು ನೆನೆಯಲಿ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಎಲ್ಲರ ಬಣವೆಯೂ ಒಟ್ಟಿಗೆ ಬರಿದಾದಾಗ ಹಣವಿದ್ದವನಿಗೂ ಹುಲ್ಲು ಸಿಕ್ಕುವುದು ಕಷ್ಟ.

ಇನ್ನು ಕೊಳ್ಳುವ ರೀತಿ. ಹುಲ್ಲನ್ನು ಬೇಕಾದಾಗ ಕೊಳ್ಳುವವನು ಮಾರುವವನ ಕೈಯಲ್ಲಿರುತ್ತಾನೆ. ಒಕ್ಕಣೆಯ ಕಾಲದಲ್ಲಿ ಕೊಳ್ಳುವವನ ಕೈಯಲ್ಲಿ ಮಾರುವವನಿರುತ್ತಾನೆ. ರಾಗಿ ಹುಲ್ಲನ್ನು ಡಿಸೆಂಬರ್, ಜನವರಿಯಲ್ಲಿ, ಭದ್ರಾ ಅಚ್ಚುಕಟ್ಟಿನ ಭತ್ತದ ಹುಲ್ಲನ್ನು ಮುಂಗಾರು ಬೆಳೆಯ ಕೊಯ್ಲಿನ ಬೆನ್ನಿಗೇ ಕೊಳ್ಳುವುದು ಲೇಸು. ಬೇಸಿಗೆ ಬೆಳೆಯ ಹುಲ್ಲನ್ನು ನಂಬಿ ಕುಳಿತುಕೊಳ್ಳಬಾರದು. ಜಲಾಶಯ ತುಂಬದ ವರ್ಷ ಆ ಬೆಳೆಯೇ ಕಡಿಮೆಯಾಗುತ್ತದೆ. ಬೆಳೆದರೂ ಕೊಯ್ಲಿನ ಹೊತ್ತಿಗೆ ಮುಂಗಾರುಪೂರ್ವದ ಮಳೆ ಹುಲ್ಲನ್ನು ನೆನೆಸುತ್ತದೆ.

ಒಬ್ಬನನ್ನೇ ನಂಬಬಾರದು. ಕನಿಷ್ಠ ಮೂವರು ಬೆಳೆಗಾರರೊಡನೆ ಮಾತಾಗಿರಲಿ, ಅವರಲ್ಲಿ ಒಬ್ಬನಾದರೂ ನೀರಾವರಿಯವನಾಗಿರಲಿ. ಮಾತನ್ನು ಬಿತ್ತನೆಯ ಕಾಲದಲ್ಲಿಯೇ ಆಡಿ, ಸ್ವಲ್ಪ ಮುಂಗಡ ಕೊಟ್ಟು, ಒಂದು ಹಾಳೆಯ ಮೇಲೆ ತೂಕ, ದರ, ತಲುಪಿಸುವ ವಾರ, ನೆನೆದಿದ್ದರೆ ಹಿಂದಿರುಗಿಸುವ ಷರತ್ತುಗಳನ್ನು ಬರೆದುಕೊಳ್ಳಬೇಕು. ನೆಂಟರಲ್ಲಿ ಬರಹವೇಕೆ ಎನ್ನಬೇಡಿ. ಬರೆದ ಲೆಕ್ಕವೇ ನೆಂಟಸ್ತಿಕೆಯನ್ನು ಉಳಿಸುತ್ತದೆ. ಲೋಡಿನ ಲೆಕ್ಕಕ್ಕೆ ಒಪ್ಪದೆ ತೂಕದ ಲೆಕ್ಕಕ್ಕೆ ಕೊಳ್ಳಿರಿ. ಸುರುಳಿಯಾದರೆ ಹತ್ತು ಸುರುಳಿಗಳನ್ನು ತೂಗಿ ಸರಾಸರಿ ಹಿಡಿಯಿರಿ. ಲೋಡಿನ ಮೇಲೆ ಕೆಳಗೆ ನಡುವೆ, ಮೂರು ಕಡೆ ಮೊಣಕೈವರೆಗೆ ಕೈ ಹಾಕಿ ನೋಡಿರಿ. ಒಳಗೆ ಬಿಸಿಯಿದ್ದರೆ ಹುಲ್ಲು ಹಸಿಯೆಂದೇ ಅರ್ಥ. ಹಿಡಿ ಹುಲ್ಲನ್ನು ತಿರುಚಿದಾಗ ಚಟಪಟ ಮುರಿಯಬೇಕು. ಹಗ್ಗದಂತೆ ಬಾಗಿದರೆ ಇಳಿಸಿಕೊಳ್ಳಬೇಡಿ. ಪೂಜೆಗೆ ತಡವಾದರೂ ಚಿಂತೆಯಿಲ್ಲ, ಇದನ್ನು ನೋಡಿಯೇ ಹೋಗಿರಿ, ಅನುಭವದಿಂದ ಹೇಳುತ್ತಿದ್ದೇನೆ.

ಹಣವಿಲ್ಲದವರಿಗೂ ದಾರಿಯಿದೆ. ತರೀಕೆರೆ ಕಡೆಯ ಅಡಕೆ ತೋಟದವರಿಗೂ ಕಡೂರಿನ ತೆಂಗಿನ ತೋಟದವರಿಗೂ ಕೊಟ್ಟಿಗೆ ಗೊಬ್ಬರ ಬೇಕು. ದನ ಸಾಕುವ ಶ್ರಮ ಬೇಡ. ಅವರಲ್ಲಿ ಭತ್ತ ರಾಗಿ ಬೆಳೆಯುವವರೂ ಇದ್ದಾರೆ. ಗೊಬ್ಬರ ಕೊಟ್ಟು ಹುಲ್ಲು ತರುವ ಪದ್ಧತಿ ನಮ್ಮಲ್ಲಿ ಹಿಂದೆ ಇತ್ತು; ನಡುವೆ ಮರೆಯಿತು. ಲಾರಿಯ ಬಾಡಿಗೆ ಒಬ್ಬನಿಗೆ ಭಾರವಾದರೆ ನಾಲ್ಕು ಮನೆಯವರು ಸೇರಿ ಒಂದು ಲಾರಿ ತರಿಸಬಹುದು. ಲಾರಿಯವನಿಗೆ ಒಂದು ಮಾತು ಹೇಳಿ: ಹೊರೆ ತೀರ ಎತ್ತರವಾದರೆ ವಿದ್ಯುತ್ ತಂತಿ ತಗುಲಿ ಹುಲ್ಲೂ ಲಾರಿಯೂ ಉರಿದುಹೋಗುತ್ತವೆ. ಪ್ರತಿ ವರ್ಷ ಇಂತಹ ಸುದ್ದಿ ಕೇಳುತ್ತಲೇ ಇದ್ದೇವೆ.

ಹುಲ್ಲಿನ ಗುಣವೂ ಒಂದೇ ಅಲ್ಲ. ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಮೇಲು. ಅದರಲ್ಲಿ ಸುಣ್ಣದ ಅಂಶ ಹೆಚ್ಚು. ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟು ಸುಣ್ಣವನ್ನು ಮೈಗೆ ಹತ್ತಗೊಡುವುದಿಲ್ಲವಾದ್ದರಿಂದ, ಅದನ್ನೇ ಹಾಕುವವರು ಖನಿಜ ಮಿಶ್ರಣವನ್ನು ಮರೆಯಬಾರದು. ಜೋಳದ ಸಪ್ಪೆ ರುಚಿಕರ. ಆದರೆ ಮಳೆಯಿಲ್ಲದೆ ಬಾಡಿದ ಎಳೆಯ ಜೋಳದ ಪೈರು ವಿಷ. ಬರಗಾಲದಲ್ಲಿ ಹಸಿದ ದನವನ್ನು ಅದರಲ್ಲಿ ಬಿಟ್ಟು ಕಳೆದುಕೊಂಡವರನ್ನು ಕಂಡಿದ್ದೇನೆ. ತೆನೆ ಬಲಿತು ಒಣಗಿದ ಸಪ್ಪೆಗೆ ಆ ಭಯವಿಲ್ಲ. ಮೆಕ್ಕೆಜೋಳದ ದಂಟನ್ನು ಹೊಲದಲ್ಲಿ ಸುಡುವುದು ಪಾಪ. ಕತ್ತರಿಸುವ ಯಂತ್ರಕ್ಕೆ ಕೊಟ್ಟರೆ ಅದೂ ಮೇವು. ಯಾವ ಹುಲ್ಲನ್ನಾದರೂ ಕತ್ತರಿಸಿ ಹಾಕಿದರೆ ಕಾಲಡಿಗೆ ಹೋಗುವುದು ಕಡಿಮೆಯಾಗುತ್ತದೆ.

ಬಡ ಹುಲ್ಲನ್ನು ಉತ್ತಮಗೊಳಿಸುವ ಒಂದು ಕ್ರಮವನ್ನು ಪಶುವೈದ್ಯರು ಹೇಳುತ್ತಾರೆ. 100 ಕಿಲೋ ಭತ್ತದ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಸಿಂಪಡಿಸಿ, ತುಳಿದು, ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ ಮುಚ್ಚಿ 21 ದಿನ ಬಿಡಬೇಕು. ಅನಂತರ ಗಾಳಿಗೆ ಹರಡಿ ವಾಸನೆ ಹೋದ ಮೇಲೆ ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದು ನಿಷಿದ್ಧ. ಕರಗಿಸಿದ ನೀರನ್ನು ದನ ಕುಡಿದರೆ ಪ್ರಾಣಾಪಾಯ. ಬಕೆಟ್ಟನ್ನು ಕೊಟ್ಟಿಗೆಯ ಹತ್ತಿರವೂ ಇಡಬಾರದು. ಮೊದಲ ಸಲ ಮಾಡುವವರು ಊರಿನ ಪಶು ಆಸ್ಪತ್ರೆಯವರನ್ನು ಕೇಳಿಯೇ ಮಾಡತಕ್ಕದ್ದು.

ತಂದ ಹುಲ್ಲನ್ನು ಉಳಿಸುವುದೂ ಗಳಿಕೆಯೇ. ಬಣವೆಯನ್ನು ನೆಲಕ್ಕೆ ತಾಗಿಸಿ ಒಟ್ಟಬಾರದು. ಕಲ್ಲು ಅಥವಾ ದಿಮ್ಮಿಗಳ ಮೇಲೆ ಒಂದೂವರೆ ಅಡಿ ಎತ್ತರದಲ್ಲಿ ಅಟ್ಟಣೆ ಮಾಡಿ, ಸುತ್ತ ನೀರು ಹೋಗುವ ಕಾಲುವೆ ತೆಗೆದು, ನೆತ್ತಿಯನ್ನು ಇಳಿಜಾರಾಗಿ ಮುಚ್ಚಬೇಕು. ಅಡುಗೆಮನೆಯ ಒಲೆಯಿಂದಲೂ ವಿದ್ಯುತ್ ತಂತಿಯಿಂದಲೂ ದೂರವಿರಲಿ. ಒಂದೇ ದೊಡ್ಡ ಬಣವೆಗಿಂತ ಎರಡು ಚಿಕ್ಕವು ಮೇಲು. ಬೆಂಕಿ ಬಿದ್ದರೆ ಒಂದಾದರೂ ಉಳಿದೀತು. ಹಿರಿಯುವಾಗ ಸುತ್ತಲೂ ಕಿತ್ತರೆ ಮಳೆ ಒಳಗಿಳಿಯುತ್ತದೆ. ರೊಟ್ಟಿ ಮುರಿದಂತೆ ಒಂದು ಮಗ್ಗುಲಿನಿಂದಲೇ ತೆಗೆಯುತ್ತ ಬರಬೇಕು. ಮೀಸಲಿನ ಬಣವೆಯನ್ನು ಆಗಸ್ಟ್‌ವರೆಗೆ ಮುಟ್ಟಬಾರದು. ಹೊಸ ಹುಲ್ಲು ಬಂದ ಮೇಲೆ ಹಳೆಯದನ್ನು ಮೊದಲು ಹಾಕಿ, ಹೊಸದನ್ನು ಮೀಸಲಾಗಿ ನಿಲ್ಲಿಸಬೇಕು. ಅದೇ ನಮ್ಮ ಬೇಸಿಗೆಯ ಕಾವಲು.

ಕೊಳವೆಬಾವಿಯಿದ್ದವರು ಕೆಲವು ಗುಂಟೆಯಲ್ಲಾದರೂ ನೇಪಿಯರ್ ಹುಲ್ಲು ಹಾಕಬಹುದು. ಬದುಗಳಲ್ಲಿ ಅಗಸೆ, ಗೊಬ್ಬರದ ಗಿಡಗಳಿಗೆ ಜಾಗವಿದೆ. ಹಸಿರು ಹೆಚ್ಚಿದ ತಿಂಗಳಲ್ಲಿ ಮೆಕ್ಕೆಜೋಳವನ್ನು ಕಾಳು ಹಾಲುಗಟ್ಟುವಾಗ ಕತ್ತರಿಸಿ, ಗಾಳಿಯಾಡದಂತೆ ತುಂಬಿ, 45 ದಿನ ಬಿಟ್ಟು ರಸಮೇವು ಮಾಡಿಕೊಳ್ಳಬಹುದು. ಇವೆಲ್ಲ ಹುಲ್ಲಿನ ಭಾರವನ್ನು ತಗ್ಗಿಸುತ್ತವೆ. ಬಣವೆಯ ಸ್ಥಾನವನ್ನು ಪೂರ್ತಿ ತುಂಬಲಾರವು.

ಇಷ್ಟೆಲ್ಲ ಲೆಕ್ಕವಾದ ಮೇಲೆ ಆ ಮನೆಯಲ್ಲಿ ಒಂದು ಕಠಿಣವಾದ ಮಾತು ಉಳಿದಿತ್ತು. ಐದು ಲೋಡು ಹೆಚ್ಚಿಗೆ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಅಂದ ಮೇಲೆ ದನವನ್ನು ಹುಲ್ಲಿಗೆ ಸರಿಯಾಗಿ ಇಳಿಸಬೇಕು. ಇಳಿಸುವುದಾದರೆ ಅದನ್ನು ಜನವರಿಯಲ್ಲಿ ನಿಶ್ಚಯಿಸಬೇಕು, ಜೂನ್‌ನಲ್ಲಿ ಅಲ್ಲ; ಹಸು ಮೈತುಂಬಿಕೊಂಡಿರುವಾಗ, ಬೆಲೆಯಿರುವಾಗ, ಒಳ್ಳೆಯ ಕೊಟ್ಟಿಗೆಯನ್ನು ಆಯುವ ಸಮಯವಿರುವಾಗ. ನಾನು ಯಾವ ಹಸು ಎಂದು ಹೇಳಲಿಲ್ಲ. ಅದು ಹೇಳುವ ಅಧಿಕಾರ ನನ್ನದಲ್ಲ.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಮಗನು, "ನಾನು ತಂದ ಮೂರರಲ್ಲೇ ಒಂದನ್ನ ಕೊಡ್ತೀನಿ, ಗೌರಿ ಇರಲಿ ಅಮ್ಮ" ಎಂದನು. ಸೊಸೆ ಲೆಕ್ಕದ ಪುಸ್ತಕದಲ್ಲಿ ದಿನಕ್ಕೆ 30 ಎಂದಿದ್ದುದನ್ನು ಹೊಡೆದು 24 ಎಂದು ಬರೆದಳು. ಏಳೂವರೆ ಲೋಡಿನ ಬದಲು ಆರು ಸಾಕಾಯಿತು. ಮೂರು ಇತ್ತು, ಮೂರು ಬೇಕು. ಹಸು ಮಾರಿದ ಹಣದಲ್ಲಿ ಸಾಲಕ್ಕೆ ಒಂದು ಪಾಲು ಕಟ್ಟಿ, ಉಳಿದುದರಲ್ಲಿ ನೆರೆಯವರೊಡನೆ ಸೇರಿ ತರೀಕೆರೆ ಕಡೆಯಿಂದ ಎರಡು ಲೋಡಿನಷ್ಟು ಭತ್ತದ ಹುಲ್ಲು ತರಿಸಿದರು. ಇನ್ನೊಂದು ಲೋಡು ಗೊಬ್ಬರದ ಬದಲಿಗೆ ಬಂದಿತು. ಹಸು ಪರಿಚಿತರ ಮನೆಗೇ ಹೋಯಿತು. ಅಂತರಘಟ್ಟೆಯ ಜಾತ್ರೆಗೆ ಹೋಗುವ ದಾರಿಯಲ್ಲಿ ಅದನ್ನು ನೋಡಿಕೊಂಡು ಬಂದೆವೆಂದು ತಾಯಿ ತಿಳಿಸಿದ್ದಾರೆ.

ನಮ್ಮಲ್ಲಿ ದಾಸೋಹವೆಂದರೆ ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸುವುದೆಂದು ತಿಳಿದಿದ್ದೇವೆ. ಗೂಟಕ್ಕೆ ಕಟ್ಟಿದ ಜೀವ ಎದ್ದು ಹೋಗಿ ಬೇರೆ ಪಂಕ್ತಿಯಲ್ಲಿ ಕುಳಿತುಕೊಳ್ಳಲಾರದು. ಅದಕ್ಕೆ ನಮ್ಮ ಕೈಯೊಂದೇ ಗತಿ. ಊರೂರಿನ ಮಠಗಳೂ ಹಾಲಿನ ಸಂಘಗಳೂ ಮನಸ್ಸು ಮಾಡಿದರೆ ಒಕ್ಕಣೆಯ ಕಾಲದಲ್ಲಿ ಒಂದು ಸಾಮೂಹಿಕ ಬಣವೆ ಒಟ್ಟಿ, ಜೂನ್ ಜುಲೈಗಳಲ್ಲಿ ಕೊಂಡ ಬೆಲೆಗೇ ಬಡವರ ಕೊಟ್ಟಿಗೆಗೆ ಕೊಡಬಹುದು. ಬರ ಬಂದ ಮೇಲೆ ಸರ್ಕಾರ ತೆರೆಯುವ ಮೇವಿನ ಬ್ಯಾಂಕಿಗಿಂತ ಬರುವ ಮೊದಲೇ ಊರು ಒಟ್ಟಿದ ಬಣವೆ ಹೆಚ್ಚು ದನಗಳನ್ನು ಉಳಿಸುತ್ತದೆ.

ಓದುಗ ಬಂಧುಗಳು ಈ ಸಂಚಿಕೆಯನ್ನು ಕೆಳಗಿಟ್ಟು ಒಮ್ಮೆ ಹಿತ್ತಲಿಗೆ ಹೋಗಿ ಬರಬೇಕೆಂದು ನನ್ನ ಪ್ರಾರ್ಥನೆ. ಕೊಟ್ಟಿಗೆಯಲ್ಲಿ ಎಷ್ಟು ಬಾಯಿಗಳಿವೆ, ಬಣವೆಯಲ್ಲಿ ಎಷ್ಟು ದಿನಗಳಿವೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ದೇವರ ಮನೆಯ ಗೋಡೆಗೆ ಅಂಟಿಸಿರಿ. ಎರಡೂ ಹೊಂದದಿದ್ದರೆ ಇಂದೇ ಮನೆಯವರೆಲ್ಲ ಕುಳಿತು ಮಾತನಾಡಿರಿ.

ಎಲ್ಲರಿಗೂ ಶುಭವಾಗಲಿ.